ಮಾರ್ಚ್ ಕಾರ್ಯಕ್ರಮದ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಅಮೆರಿಕದಲ್ಲಿ ಮಾರ್ಚ್ ಅಂದರೆ ಮಹಿಳೆಯರ ಇತಿಹಾಸದ ತಿಂಗಳು. ಈ ತಿಂಗಳ ಕೊನೆಯ ಶನಿವಾರ ನಮ್ಮ ಕನ್ನಡ ಶಾಲೆಯ ಪ್ರತಿ ಮಗುವೂ ಈ ದೇಶದ ಒಬ್ಬ ನಾಯಕಿಯ ಬಗ್ಗೆ ಮೂರು ನಿಮಿಷ ಕನ್ನಡದಲ್ಲಿ ಮಾತಾಡಬೇಕು.

ನನ್ನದೊಂದು ಕೋರಿಕೆ. 'ಇವರೇ ಮೊದಲ ಮಹಿಳೆ' ಅಂತ ಹೇಳಿ ಮಕ್ಕಳು ಕೂತುಬಿಡಬಾರದು. ಗೆದ್ದ ಮೇಲೆ ಆಕೆ ಏನು ಮಾಡಿದರು? ಯಾರನ್ನು ಎದುರು ಹಾಕಿಕೊಂಡರು? ಅಲ್ಲೇ ಅಲ್ವಾ ನಿಜವಾದ ಕಥೆ ಇರುವುದು!

ಶರ್ಲಿ ಚಿಸಮ್ ಅವರನ್ನೇ ನೋಡಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನವರು, ಶಿಶುವಿಹಾರದಲ್ಲಿ ಟೀಚರ್ ಆಗಿದ್ದವರು. 1968ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ. ದೊಡ್ಡ ಊರಿನಿಂದ ಬಂದ ಅವರನ್ನು ಕೃಷಿ ಸಮಿತಿಗೆ ಹಾಕಿದರು. ಹೊಸಬರು ಬಾಯಿ ಬಿಡಬಾರದು ಅನ್ನುವ ಪದ್ಧತಿ ಇದ್ದರೂ ಅವರು ಸುಮ್ನೆ ಇರಲಿಲ್ಲ, ಜಗಳ ಮಾಡಿ ಸಮಿತಿ ಬದಲಿಸಿಕೊಂಡರು. 1972ರಲ್ಲಿ ಅಧ್ಯಕ್ಷ ಪದವಿಗೇ ಸ್ಪರ್ಧೆಗಿಳಿದರು. ಅದೇ ಕಣದಲ್ಲಿದ್ದ, ದಕ್ಷಿಣದ ಅಲಬಾಮಾ ರಾಜ್ಯದ ಗವರ್ನರ್ ಜಾರ್ಜ್ ವಾಲೆಸ್ ಕರಿಯರ ಹಕ್ಕುಗಳನ್ನು ಕಟುವಾಗಿ ವಿರೋಧಿಸಿದ್ದವರು. ಅವರಿಗೆ ಗುಂಡೇಟು ಬಿದ್ದಾಗ ಚಿಸಮ್ ಆಸ್ಪತ್ರೆಗೇ ಹೋಗಿ ಮಾತಾಡಿಸಿದರು. ಇದಕ್ಕೆ ಚಿಸಮ್ ಕಡೆಯವರೇ ಸಿಟ್ಟಾದರು. ಮುಂದೆ ಮನೆಗೆಲಸದವರಿಗೂ ಕನಿಷ್ಠ ಕೂಲಿ ಸಿಗಬೇಕು ಅಂತ ಚಿಸಮ್ ಹೋರಾಡುವಾಗ, ದಕ್ಷಿಣದ ಸದಸ್ಯರ ಮತ ತರಲು ಇದೇ ವಾಲೆಸ್ ನೆರವಾದರು. 1974ರಲ್ಲಿ ಅದು ಕಾನೂನಾಯಿತು. ಚಿಸಮ್ ಅವರ ತಾಯಿ ಬಟ್ಟೆ ಹೊಲಿದು, ಬೇರೆಯವರ ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದವರು. ಇದನ್ನು ಓದಿದಾಗೆಲ್ಲ ನನ್ನ ಕಣ್ಣು ತುಂಬುತ್ತದೆ.

ಪುಟಾಣಿಗಳಿಗೆ 1920ರ ಆಗಸ್ಟಿನ ಟೆನೆಸಿ ಕಥೆ ಹೇಳಿ. ಹೆಂಗಸರಿಗೆ ಮತದ ಹಕ್ಕು ಕೊಡುವ ತಿದ್ದುಪಡಿ ಪಾಸಾಗಲು ಇನ್ನೊಂದೇ ರಾಜ್ಯ ಒಪ್ಪಬೇಕಿತ್ತು. ಟೆನೆಸಿಯ ಶಾಸಕ, 24 ವರ್ಷದ ಹ್ಯಾರಿ ಬರ್ನ್ ಕೋಟಿಗೆ ಕೆಂಪು ಗುಲಾಬಿ ಸಿಕ್ಕಿಸಿಕೊಂಡು ಬಂದಿದ್ದರು. ಅದು ವಿರೋಧಿಗಳ ಗುರುತು. ಆದರೆ ಜೇಬಿನಲ್ಲಿ ಅಮ್ಮನ ಕಾಗದ ಇತ್ತು: ಹೆಂಗಸರ ಪರ ಮತ ಹಾಕು ಅಂತ. ಹ್ಯಾರಿ ಹಾಗೇ ಮಾಡಿದರು, ತಿದ್ದುಪಡಿ ಗೆದ್ದಿತು. ದೊಡ್ಡ ಮಕ್ಕಳಿಗೆ ಇನ್ನೊಂದು ಮಾತನ್ನೂ ಹೇಳಲೇಬೇಕು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಹೆಂಗಸರಲ್ಲಿ ಬಹಳಷ್ಟು ಜನ ನಿಜವಾಗಿ ಮತ ಹಾಕಲು 1965ರ ಕಾನೂನಿನವರೆಗೆ ಕಾಯಬೇಕಾಯಿತು.

ಜೆನೆಟ್ ರ್‍ಯಾಂಕಿನ್ ಕೂಡ ಒಳ್ಳೆಯ ಆಯ್ಕೆ. ದೇಶದ ಎಲ್ಲ ಹೆಂಗಸರಿಗೆ ಮತದ ಹಕ್ಕು ಬರುವ ಮುಂಚೆಯೇ, 1916ರಲ್ಲಿ, ಮೊಂಟಾನಾದಿಂದ ಸಂಸತ್ತಿಗೆ ಗೆದ್ದವರು. 1941ರಲ್ಲಿ ಜಪಾನಿನ ಮೇಲೆ ಯುದ್ಧ ಬೇಡ ಅಂತ ಮತ ಹಾಕಿದ್ದು ಇಡೀ ಸಂಸತ್ತಿನಲ್ಲಿ ಅವರೊಬ್ಬರೇ. ಗಾಂಧೀಜಿಯನ್ನು ಮೆಚ್ಚಿ ಭಾರತಕ್ಕೂ ಹಲವು ಸಲ ಬಂದಿದ್ದರು.

ದಯವಿಟ್ಟು ನೀವೇ ಬರೆದುಕೊಟ್ಟು ಬಾಯಿಪಾಠ ಮಾಡಿಸಬೇಡಿ. ಕನ್ನಡ ತಪ್ಪಿದರೂ ಪರವಾಗಿಲ್ಲ, ತರಗತಿಯಲ್ಲಿ ತಿದ್ದೋಣ. ಗಂಡುಮಕ್ಕಳೂ ಮಾತಾಡಬೇಕು, ಅವರಿಗೆ ವಿನಾಯಿತಿ ಇಲ್ಲ. ಯಾರ ಬಗ್ಗೆ ಅಂತ ಮುಂದಿನ ಶನಿವಾರದೊಳಗೆ ತರಗತಿಯ ಟೀಚರಿಗೆ ತಿಳಿಸಿ. ಅಜ್ಜ-ಅಜ್ಜಿ ಊರಿಂದ ಬಂದಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ.

ವಿಶ್ವಾಸದಿಂದ,
ಮುಖ್ಯ ಶಿಕ್ಷಕಿ