ಹಾಸಿಗೆ ಹಿಡಿದವರ ನಂಬಿಕೆಯನ್ನು ಅಳೆಯಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ದೈವಚಿಂತನೆಯ ಅಂಕಣದಲ್ಲಿ ಈಚೆಗೆ ಬಂದ ಬರಹವೊಂದು ದೇವರ ಪ್ರೀತಿಯ ಬಗ್ಗೆ ಬಹಳ ಚೆನ್ನಾಗಿ ಶುರುವಾಯಿತು. ಕೊನೆಕೊನೆಗೆ ಬರುತ್ತ ಹೀಗೆ ಹೇಳಿತು: ನಂಬಿಕೆ ಗಟ್ಟಿಯಾಗಿದ್ದರೆ ರೋಗ ಮೈಯಲ್ಲಿ ಉಳಿಯುವುದಿಲ್ಲ, ರೋಗ ಇನ್ನೂ ಬಿಟ್ಟುಹೋಗಿಲ್ಲ ಎಂದರೆ ನಂಬಿಕೆಯಲ್ಲಿ ಎಲ್ಲೋ ಕೊರತೆ ಇದೆ. ಬರೆದವರ ಭಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ಮಾತು ಯಾರ ಕಣ್ಣಿಗೆ ಬೀಳುತ್ತದೆ ಎನ್ನುವುದು ನನಗೆ ಗೊತ್ತು. ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದಕ್ಷರ ಬಿಡದೆ ಓದುವವರು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವವರು.

ನಾನು ನಿವೃತ್ತ ನರ್ಸ್. ಸೇವೆಯ ಹೆಚ್ಚಿನ ವರ್ಷಗಳನ್ನು ಕ್ಯಾನ್ಸರ್ ವಾರ್ಡಿನಲ್ಲೇ ಕಳೆದವಳು. ಚಿಕ್ಕಂದಿನಿಂದ ಬೈಬಲ್ ಓದಿಕೊಂಡು ಬಂದ ಕ್ರೈಸ್ತಳು. ದೇವರು ಗುಣಪಡಿಸುತ್ತಾನೆ ಎಂದು ನಂಬುತ್ತೇನೆ, ಅದಕ್ಕಾಗಿ ಪ್ರಾರ್ಥಿಸುತ್ತೇನೆ. ವೈದ್ಯರು ಕೈಚೆಲ್ಲಿದ ಮೇಲೂ ಎದ್ದು ನಡೆದು ಮನೆಗೆ ಹೋದವರನ್ನು ನೋಡಿ ಸ್ತೋತ್ರ ಹೇಳಿದ್ದೇನೆ. ಹಾಗಾಗಿ ವೈದ್ಯಶಾಸ್ತ್ರವನ್ನು ಮುಂದಿಟ್ಟುಕೊಂಡು ವಾದಕ್ಕೆ ಇಳಿಯುವ ಉದ್ದೇಶ ನನಗಿಲ್ಲ. ಆ ಮಾತು ಬಂದಿರುವುದು ಬೈಬಲಿನ ಹೆಸರಿನಲ್ಲಿ. ಬೈಬಲನ್ನೇ ತೆರೆದು ನೋಡೋಣ.

ಅಂಕಣದವರು ಆಧಾರವಾಗಿ ಕೊಟ್ಟದ್ದು ಮತ್ತಾಯ 17ನೇ ಅಧ್ಯಾಯದ 20ನೇ ವಚನ, ಸಾಸಿವೆ ಕಾಳಿನಷ್ಟು ನಂಬಿಕೆಯ ಮಾತು. ಆ ಮಾತನ್ನು ಯೇಸು ಯಾರಿಗೆ ಹೇಳಿದನು? ಮೂರ್ಛೆರೋಗದಿಂದ ಬೆಂಕಿಗೂ ನೀರಿಗೂ ಬೀಳುತ್ತಿದ್ದ ಹುಡುಗನಿಗಲ್ಲ. ಮಗನನ್ನು ಕರೆತಂದು ಮೊಣಕಾಲೂರಿದ ತಂದೆಗೂ ಅಲ್ಲ. ಗುಣಪಡಿಸಲು ಹೋಗಿ ಆಗದೆ, ಆಮೇಲೆ ಒಬ್ಬರೇ ಇದ್ದಾಗ ಬಂದು, ನಮ್ಮಿಂದ ಯಾಕೆ ಆಗಲಿಲ್ಲ ಎಂದು ಕೇಳಿದ ಶಿಷ್ಯರಿಗೆ ಹೇಳಿದನು. ನಂಬಿಕೆ ಸಾಲದು ಎಂಬ ಗದರಿಕೆ ಬಿದ್ದದ್ದು ಪ್ರಾರ್ಥನೆ ಮಾಡಲು ನಿಂತವರ ಮೇಲೆ. ನಾವು ಅದನ್ನು ಎತ್ತಿ ಮಲಗಿದವರ ಎದೆಯ ಮೇಲೆ ಇಟ್ಟಿದ್ದೇವೆ.

ಇದೇ ಘಟನೆಯನ್ನು ಮಾರ್ಕ 9ನೇ ಅಧ್ಯಾಯದಲ್ಲಿ ಇನ್ನಷ್ಟು ವಿವರವಾಗಿ ಬರೆದಿದ್ದಾನೆ. ಆ ತಂದೆ, ‘ನಂಬುತ್ತೇನೆ’ ಎಂದು ಕೂಗಿದ ಉಸಿರಿನಲ್ಲೇ ತನ್ನ ಅಪನಂಬಿಕೆಗೆ ಸಹಾಯ ಮಾಡು ಎಂದೂ ಬೇಡಿಕೊಳ್ಳುತ್ತಾನೆ. ಮೊದಲು ನಂಬಿಕೆ ಪೂರ್ತಿ ಮಾಡಿಕೊಂಡು ಬಾ ಎಂದು ಯೇಸು ಅವನನ್ನು ವಾಪಸು ಕಳುಹಿಸಲಿಲ್ಲ. ಹುಡುಗನ ಕೈಹಿಡಿದು ಎಬ್ಬಿಸಿದನು. ಆ ಅರೆಬರೆ ನಂಬಿಕೆಯೇ ಸಾಕಾಯಿತು. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ರೋಗಿಯ ಮೇಲಿಂದ ಇಳಿಸಿದ ಹೊರೆಯನ್ನು ಮನೆಯವರ ತಲೆಗೆ ಕಟ್ಟುವವರೂ ಇದ್ದಾರೆ. ನೀವು ಸರಿಯಾಗಿ ಉಪವಾಸ ಮಾಡಲಿಲ್ಲ, ನಿಮ್ಮ ಪ್ರಾರ್ಥನೆಯಲ್ಲಿ ಬಲವಿರಲಿಲ್ಲ ಎನ್ನುತ್ತಾರೆ. ಮಗುವನ್ನು ಕಳೆದುಕೊಂಡ ತಾಯಿಗೆ ಈ ಮಾತು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಯೇಸುವಿನ ಜೀವನವನ್ನು ಹೇಳುವ ಸುವಾರ್ತೆಗಳನ್ನು ನರ್ಸಿನ ಕಣ್ಣಿನಿಂದ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತಾನೇ ನಡೆದು ಬಂದವರನ್ನು, ದಾರಿಯಲ್ಲಿ ಕೂಗುತ್ತ ಹಿಂದೆ ಬಂದವರನ್ನು ಯೇಸು ಒಮ್ಮೊಮ್ಮೆ ನಂಬಿಕೆಯ ಬಗ್ಗೆ ಕೇಳಿದ್ದುಂಟು. ಮತ್ತಾಯ 9ರಲ್ಲಿ ಇಬ್ಬರು ಕುರುಡರನ್ನು ಹಾಗೆ ಕೇಳಿದನು. ಎದ್ದು ಬರಲಾಗದವರ ವಿಷಯದಲ್ಲಿ ಆತನು ನೋಡಿದ್ದು ಬೇರೆಯವರ ನಂಬಿಕೆಯನ್ನು. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಜನಜಂಗುಳಿಯಲ್ಲಿ ಒಳಗೆ ಹೋಗಲಾಗದೆ ಮಾಳಿಗೆಯನ್ನು ಬಿಚ್ಚಿ ಹಾಸಿಗೆ ಸಮೇತ ಇಳಿಸಿದರಲ್ಲ, ಅಲ್ಲಿ ‘ಅವರ ನಂಬಿಕೆಯನ್ನು ನೋಡಿ’ ಎಂದೇ ಮಾರ್ಕ ಬರೆಯುತ್ತಾನೆ. ಮಲಗಿದ್ದವನು ಆ ಹೊತ್ತಿನಲ್ಲಿ ಒಂದು ಮಾತನ್ನೂ ಆಡಿದ ದಾಖಲೆಯಿಲ್ಲ. ಯಾಯೀರನ ಹನ್ನೆರಡು ವರ್ಷದ ಮಗಳಿಗಾಗಿ ನಂಬಬೇಕಾದವನು ಯಾಯೀರ. ಶತಾಧಿಪತಿಯ ಆಳಿಗಾಗಿ ಶತಾಧಿಪತಿ. ಕಾನಾನ್ಯ ಹೆಂಗಸಿನ ಮಗಳಿಗಾಗಿ ಆ ತಾಯಿ.

ಕೆಲವು ಕಡೆಗಳಲ್ಲಂತೂ ಯಾರ ನಂಬಿಕೆಯ ಮಾತೂ ಬರುವುದಿಲ್ಲ. ಬೇತ್ಸಥಾ ಕೊಳದ ಬಳಿ ಬಿದ್ದಿದ್ದ, 38 ವರ್ಷದಿಂದ ರೋಗಿಯಾಗಿದ್ದವನಿಗೆ ತನ್ನನ್ನು ಗುಣಪಡಿಸಿದವನು ಯಾರೆಂಬುದೇ ಗೊತ್ತಿರಲಿಲ್ಲ. ಯೋಹಾನ 5ರ 13ನೇ ವಚನ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ನಾಯಿನ ಎಂಬ ಊರಿನ ವಿಧವೆ ಏನನ್ನೂ ಬೇಡಲಿಲ್ಲ. ಅವಳನ್ನು ನೋಡಿ ಕನಿಕರಪಟ್ಟು, ಅಳಬೇಡ ಎಂದು ಆತನೇ ಹತ್ತಿರ ಹೋಗಿ ಅವಳ ಸತ್ತ ಮಗನ ಚಟ್ಟವನ್ನು ಮುಟ್ಟಿ ಅವನನ್ನು ಬದುಕಿಸಿದನು. ತನ್ನನ್ನು ಹಿಡಿಯಲು ಬಂದ ಮಹಾಯಾಜಕನ ಆಳಿನ ಕಿವಿ ಕತ್ತರಿಸಿಹೋದಾಗ ಅದನ್ನೂ ಮುಟ್ಟಿ ವಾಸಿಮಾಡಿದನು. ಆ ಆಳು ಬಂದಿದ್ದು ಆತನನ್ನು ಬಂಧಿಸುವವರ ಗುಂಪಿನಲ್ಲಿ! ದೇವರ ಪ್ರೀತಿ ಎಂದು ನಾವು ಹೇಳುವುದು ಇದನ್ನೇ ಅಲ್ಲವೇ? ಅದು ಅರ್ಹತೆಯ ಚೀಟಿ ಕೇಳಿಕೊಂಡು ಬರುವುದಿಲ್ಲ.

ಹಾಗಾದರೆ ರಕ್ತಸ್ರಾವದ ಹೆಂಗಸಿಗೆ ‘ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥ ಮಾಡಿತು’ ಎಂದು ಹೇಳಿದನಲ್ಲ ಎಂದು ಕೇಳಬಹುದು. ಹೇಳಿದನು. ಹನ್ನೆರಡು ವರ್ಷ ನರಳಿ, ಅನೇಕ ವೈದ್ಯರ ಕೈಯಲ್ಲಿ ಕಷ್ಟಪಟ್ಟು, ಇದ್ದಬದ್ದ ಹಣವನ್ನೆಲ್ಲ ಕಳೆದುಕೊಂಡಿದ್ದ ಅವಳು ಹೆದರಿ ನಡುಗುತ್ತ ಬಂದು ಅಡ್ಡಬಿದ್ದಾಗ, ಅವಳನ್ನು ಮಗಳೇ ಎಂದು ಕರೆದು ಆ ಮಾತನ್ನು ಹೇಳಿದನು. ಗುಣವಾದವಳ ಭಯವನ್ನು ಕಳೆಯಲು ಬಂದ ಮಾತು ಅದು. ಅದನ್ನು ತಿರುಗಿಸಿ, ಗುಣವಾಗದವಳಿಗೆ ‘ನಿನ್ನ ನಂಬಿಕೆ ಸಾಲಲಿಲ್ಲ’ ಎಂದು ಹೇಳುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ. ನಜರೇತಿನ ಜನರ ಅಪನಂಬಿಕೆಗೆ ಆತನು ಆಶ್ಚರ್ಯಪಟ್ಟದ್ದು ನಿಜ. ಆದರೆ ಅಲ್ಲಿ ತಾತ್ಸಾರ ಮಾಡಿದವರು ಊರಿನವರು. ಆ ಊರಿನಲ್ಲೂ ಕೆಲವು ರೋಗಿಗಳ ಮೇಲೆ ಕೈಯಿಟ್ಟು ವಾಸಿಮಾಡಿದನೆಂದು ಅದರ ಹಿಂದಿನ ವಚನದಲ್ಲೇ ಇದೆ. ರೋಗಿಯೊಬ್ಬನನ್ನು ನಿಲ್ಲಿಸಿಕೊಂಡು, ನಿನಗೆ ನಂಬಿಕೆ ಕಡಿಮೆ, ಹೋಗು ಎಂದು ಯೇಸು ಕಳುಹಿಸಿದ ಒಂದು ಪ್ರಸಂಗವೂ ನಾಲ್ಕು ಸುವಾರ್ತೆಗಳಲ್ಲಿ ಇಲ್ಲ.

ಇಷ್ಟೆಲ್ಲ ಬರೆಯಲು ಕಾರಣ ನನ್ನ ವಾರ್ಡಿನಲ್ಲಿದ್ದ ಒಬ್ಬ ಶಿಕ್ಷಕಿ. ಸ್ತನ ಕ್ಯಾನ್ಸರ್ ಮೂಳೆಗೆ ಹರಡಿತ್ತು. ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚಿಕೊಳ್ಳುತ್ತಿದ್ದರು, ಕೂಗುತ್ತಿರಲಿಲ್ಲ. ಚಾರ್ಟಿನಲ್ಲಿ ಮಾರ್ಫಿನ್ ಮಾತ್ರೆ ಹೊತ್ತುಹೊತ್ತಿಗೆ ಕೊಟ್ಟ ಗುರುತು ಇದೆ, ನೋವು ಮಾತ್ರ ಇಳಿಯುತ್ತಿಲ್ಲ. ಒಂದು ರಾತ್ರಿ ಬೆವರಿಗೆ ಒದ್ದೆಯಾದ ದಿಂಬಿನ ಕವರ್ ಬದಲಿಸಲು ಎತ್ತಿದಾಗ ಒಳಗಿನಿಂದ ಟಿಶ್ಯೂ ಕಾಗದದ ಪುಟ್ಟ ಗಂಟು ಬಿತ್ತು. ಬಿಚ್ಚಿದರೆ ಮಾತ್ರೆಗಳು, ಕೆಲವು ಬಾಯಿಯ ತೇವಕ್ಕೆ ಅರ್ಧ ಕರಗಿ ಕಾಗದಕ್ಕೆ ಅಂಟಿಕೊಂಡಿದ್ದವು. ನನ್ನ ಮುಂದೆ ಬಾಯಿಗೆ ಹಾಕಿಕೊಂಡು, ನಾನು ಆ ಕಡೆ ಹೋದ ಮೇಲೆ ಉಗಿದು ಕಟ್ಟಿಡುತ್ತಿದ್ದರು. ‘ಯಾಕಮ್ಮಾ ಹೀಗೆ ಮಾಡಿದಿರಿ?’ ಎಂದೆ. ಪ್ರಾರ್ಥನೆಗೆ ಬಂದವರೊಬ್ಬರು, ಮಾತ್ರೆ ನುಂಗುವುದೂ ಅಪನಂಬಿಕೆಯೇ ಎಂದು ಹೇಳಿಹೋಗಿದ್ದರಂತೆ. ‘ಸಿಸ್ಟರ್, ಕರ್ತನು ಶಿಲುಬೆಯ ಹತ್ತಿರ ನೋವು ಮರೆಸಲು ಕೊಟ್ಟ, ರಕ್ತಬೋಳ ಬೆರೆಸಿದ ದ್ರಾಕ್ಷಾರಸ ಬೇಡ ಅಂದನಲ್ಲ’ ಅಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, ‘ನನ್ನ ನಂಬಿಕೆ ಎಲ್ಲಿ ಕಡಿಮೆಯಾಯಿತು, ನೀವಾದರೂ ಹೇಳಿ’ ಅಂದರು.

ಅವರ ಬೈಬಲಿನಲ್ಲೇ ಎರಡನೆಯ ಅರಸುಗಳು 20ನೇ ಅಧ್ಯಾಯ ತೆರೆದು ಓದಿದೆ. ಅರಸನಾದ ಹಿಜ್ಕೀಯ ಸಾಯುವ ಸ್ಥಿತಿಯಲ್ಲಿ ಗೋಡೆಯ ಕಡೆಗೆ ಮುಖ ತಿರುಗಿಸಿ ಅಳುತ್ತಾನೆ. ನಿನ್ನ ಕಣ್ಣೀರನ್ನು ನೋಡಿದ್ದೇನೆ, ಗುಣಪಡಿಸುತ್ತೇನೆ, ಇನ್ನೂ 15 ವರ್ಷ ಆಯುಸ್ಸು ಕೊಡುತ್ತೇನೆ ಎಂದು ದೇವರು ಪ್ರವಾದಿಯ ಬಾಯಿಂದ ಮಾತು ಕೊಡುತ್ತಾನೆ. ಅಷ್ಟಾದ ಮೇಲೂ ಅದೇ ಪ್ರವಾದಿ ಯೆಶಾಯನು, ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿಗೆ ಕಟ್ಟಿ ಎನ್ನುತ್ತಾನೆ. ವಾಗ್ದಾನ ಕೊಟ್ಟ ದೇವರೇ ಔಷಧಿಗೂ ಜಾಗ ಮಾಡಿದ್ದಾನೆ. ಸುವಾರ್ತೆ ಸಾರುತ್ತ ಊರೂರು ತಿರುಗಿದ ಪೌಲನ ಜೊತೆಯಲ್ಲಿ ಕೊನೆಯವರೆಗೂ ಇದ್ದ ಲೂಕನನ್ನು ಪೌಲನು ಪ್ರಿಯ ವೈದ್ಯನೆಂದೇ ಕರೆಯುತ್ತಾನೆ. ಶಿಲುಬೆಯ ಬಳಿ ಆತನು ಬೇಡವೆಂದದ್ದು ಲೋಕದ ಪಾಪವನ್ನು ಹೊರಲು ಹೋಗುತ್ತಿದ್ದ ಒಬ್ಬನೇ ಕುರಿಮರಿಯ ಆಯ್ಕೆ. ಅದನ್ನು ನಿಮ್ಮಿಂದ ಆತನು ಕೇಳಿಲ್ಲಮ್ಮಾ ಎಂದೆ. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಬೆಳಗಿನ ಜಾವ ತಾವೇ ಮಾತ್ರೆ ಕೇಳಿ ತೆಗೆದುಕೊಂಡರು. ಅವರು ಗುಣವಾಗಲಿಲ್ಲ. ಆದರೆ ಕೊನೆಯ ದಿನಗಳಲ್ಲಿ ಮಕ್ಕಳ ಜೊತೆ ಕೂತು ಮಾತಾಡುವಷ್ಟು ನೋವು ತಗ್ಗಿತ್ತು.

ನರ್ಸುಗಳಾದ ನಾವು ಗೌರವದಿಂದ ನೆನೆಯುವ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದು ಆಮೇಲೆ ವೈದ್ಯೆಯಾದವರು, ಆಳವಾದ ಕ್ರೈಸ್ತ ನಂಬಿಕೆಯವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ, ಸಾಯುತ್ತಿರುವವರ ಆರೈಕೆಯ ಮನೆ ತೆರೆದರು. ಸಾಯುತ್ತಿರುವವರ ನೋವು ಮೈಯದು ಮಾತ್ರವಲ್ಲ, ಮನಸ್ಸಿನದು, ಸಂಬಂಧಗಳದು, ಆತ್ಮದ್ದೂ ಹೌದು ಎಂದರು. ನೋವು ಏರುವವರೆಗೆ ಕಾಯದೆ ಹೊತ್ತಿಗೆ ಸರಿಯಾಗಿ ಔಷಧಿ ಕೊಡಬೇಕೆಂದರು. ಮಾರ್ಫಿನ್ ಮಾತ್ರೆ ಕೊಡುವುದನ್ನು ಅವರು ದೇವರ ಸೇವೆಯ ಭಾಗವಾಗಿ ಕಂಡರು. ಆ ಶಿಕ್ಷಕಿಗಿದ್ದ ಆತ್ಮದ ನೋವನ್ನು ಉಂಟುಮಾಡಿದ್ದು ರೋಗವಲ್ಲ, ನಮ್ಮವರ ಮಾತು. ಇದು ನನಗೆ ಇವತ್ತಿಗೂ ಸಹಿಸಲಾಗದ ಸಂಗತಿ.

ರೋಗ ಬಿಟ್ಟುಹೋಗದಿದ್ದರೆ ನಂಬಿಕೆಯಲ್ಲಿ ಕೊರತೆ ಎನ್ನುವವರು ಪೌಲನ ಬಗ್ಗೆ ಏನು ಹೇಳುತ್ತಾರೆ? ತನ್ನ ಶರೀರದಲ್ಲಿ ನಾಟಿದ್ದ ಮುಳ್ಳು ಎಂದು ತಾನೇ ಕರೆದ ಬಾಧೆಯನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿದನು. ಬಂದ ಉತ್ತರ, ‘ನನ್ನ ಕೃಪೆಯೇ ನಿನಗೆ ಸಾಕು’. ಅವನ ಜೊತೆ ಕೆಲಸ ಮಾಡುತ್ತಿದ್ದ ತ್ರೊಫಿಮನನ್ನು ರೋಗಿಯಾಗಿಯೇ ಮಿಲೇತದಲ್ಲಿ ಬಿಟ್ಟು ಬಂದನು. ತಿಮೊಥೆಯನಿಗೆ ಪದೇ ಪದೇ ಬರುತ್ತಿದ್ದ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದನು. ನಂಬಿಕೆ ಹೆಚ್ಚಿಸಿಕೋ ಎಂದು ಬರೆಯಲಿಲ್ಲ. ಲಾಜರನ ಸಹೋದರಿಯರು ಯೇಸುವಿಗೆ ಕಳುಹಿಸಿದ ಸುದ್ದಿಯನ್ನೇ ನೋಡಿ: ನಿನಗೆ ಪ್ರಿಯನಾದವನು ಅಸ್ವಸ್ಥನಾಗಿದ್ದಾನೆ. ಪ್ರಿಯನಾಗಿರುವುದೂ ಅಸ್ವಸ್ಥನಾಗಿರುವುದೂ ಒಂದೇ ವಾಕ್ಯದಲ್ಲಿವೆ. ಮಾರ್ಥ, ಮರಿಯರಿಗೆ ಅದರಲ್ಲಿ ಯಾವ ವಿರೋಧವೂ ಕಾಣಲಿಲ್ಲ.

ಎಲ್ಲಕ್ಕಿಂತ ಗೆತ್ಸೇಮನೆ ತೋಟ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಅಲ್ಲಿ, ಈ ಕಷ್ಟದ ಪಾತ್ರೆ ನನ್ನಿಂದ ದೂರವಾಗಲಿ ಎಂದು ದೇವರ ಮಗನೇ ಬೋರಲು ಬಿದ್ದು ಬೇಡಿದನು, ಅದೇ ಪ್ರಾರ್ಥನೆಯನ್ನು ಮೂರನೆಯ ಸಾರಿಯೂ ಮಾಡಿದನೆಂದು ಮತ್ತಾಯ ಬರೆಯುತ್ತಾನೆ. ಪಾತ್ರೆ ದೂರವಾಗಲಿಲ್ಲ. ಆತನ ನಂಬಿಕೆಯಲ್ಲಿ ಕೊರತೆ ಇತ್ತು ಎಂದು ಹೇಳುವ ಕ್ರೈಸ್ತನಿದ್ದಾನೆಯೇ? ಕೇಳಿದ್ದು ಸಿಗದ ಪ್ರಾರ್ಥನೆಯನ್ನು ನಮ್ಮ ಕರ್ತನೇ ಮಾಡಿದ್ದಾನೆ. ಹಾಸಿಗೆಯಲ್ಲಿ ಮಲಗಿ ಉತ್ತರ ಕಾಣದೆ ಅಳುವವರು ಆತನಿಗೆ ಅತ್ಯಂತ ಹತ್ತಿರದಲ್ಲಿದ್ದಾರೆ ಎಂದು ನಾನು ನಂಬಿರುವುದು ಇದರಿಂದಲೇ.

ರೋಗಿಗಳನ್ನು ನೋಡಲು ಹೋಗುವ ಸಭಾಪಾಲಕರಿಗೂ ಸಭೆಯ ಅಕ್ಕತಂಗಿಯರಿಗೂ ನಿಮ್ಮ ಪತ್ರಿಕೆಯ ಮೂಲಕ ನನ್ನದೊಂದು ಬಿನ್ನಹ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ, ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ಕಾರಣ ಹೇಳಲು ಶುರುಮಾಡಿದ ಮೇಲೆ ದೇವರ ಕೋಪಕ್ಕೆ ಗುರಿಯಾದರು. ಗೋಳಾಡಿದ ಯೋಬನು ಸರಿಯಾಗಿ ಮಾತಾಡಿದ್ದಾನೆ, ನೀವು ಆಡಲಿಲ್ಲ ಎಂದು ಕೊನೆಯ ಅಧ್ಯಾಯದಲ್ಲಿ ದೇವರೇ ಹೇಳುತ್ತಾನೆ. ಹೋದಾಗ ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ. ನೋವಿಗೆ ಔಷಧಿ ತೆಗೆದುಕೊಂಡಿರಾ ಎಂದು ಕೇಳಿ. ಬಾಯಿ ಒಣಗಿದ್ದರೆ ನರ್ಸನ್ನು ಕೇಳಿ ಹತ್ತಿ ಒದ್ದೆಮಾಡಿ ತುಟಿಗೆ ಒತ್ತಿ. ಪ್ರಾರ್ಥನೆ ಚಿಕ್ಕದಾಗಿರಲಿ. ಅವರು ದೇವರ ಮೇಲೆ ದೂರು ಹೇಳಿದರೆ ತಡೆಯಬೇಡಿ. 88ನೇ ಕೀರ್ತನೆ ಸಾಂತ್ವನದ ಒಂದು ಸಾಲೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಬೈಬಲಿನಲ್ಲಿದೆ.

ಅಂಕಣದವರಿಗೂ ಒಂದು ಮಾತು. ಬೈಬಲಿನಲ್ಲಿರುವ ಯಾಕೋಬನ ಪತ್ರದ 5ನೇ ಅಧ್ಯಾಯದ 14 ಮತ್ತು 15ನೇ ವಚನಗಳನ್ನು ದಯವಿಟ್ಟು ಒಟ್ಟಿಗೆ ಪ್ರಕಟಿಸಿ. ನಂಬಿಕೆಯಿಂದ ಮಾಡಿದ ಪ್ರಾರ್ಥನೆ ರೋಗಿಯನ್ನು ರಕ್ಷಿಸುವುದು ಎಂಬ 15ನೇ ವಚನ ಎಲ್ಲರಿಗೂ ಬಾಯಿಪಾಠ. ಅದರ ಹಿಂದಿನ ವಚನದಲ್ಲಿ ರೋಗಿಗೆ ಕೊಟ್ಟಿರುವ ಕೆಲಸ ಒಂದೇ, ಸಭೆಯ ಹಿರಿಯರನ್ನು ಕರೆಸುವುದು. ಎಣ್ಣೆ ಹಚ್ಚುವುದೂ, ಪ್ರಾರ್ಥಿಸುವುದೂ, ಆ ಪ್ರಾರ್ಥನೆಗೆ ಬೇಕಾದ ನಂಬಿಕೆಯನ್ನು ತರುವುದೂ ಬಂದವರ ಪಾಲಿನ ಕೆಲಸ.

ಇತಿ,
ಒಬ್ಬ ನಿವೃತ್ತ ನರ್ಸ್