ಕೊಡಚಾದ್ರಿಯ ಆ ಜೀಪ್ ಅಣ್ಣನಿಗೆ

ಹೋದ ಅಕ್ಟೋಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ಕೊಡಚಾದ್ರಿಗೆ ಹೋಗಿದ್ದೆವು. ಮಗಳಿಗೆ ಎಂಟು, ಮಗನಿಗೆ ನಾಲ್ಕು. ಬೆಟ್ಟದ ಎತ್ತರ 1343 ಮೀಟರ್. ಜೀಪ್ ನಿಲ್ಲುವ ಕಡೆಯಿಂದ ತುದಿಯಲ್ಲಿರುವ ಕಲ್ಲಿನ ಗುಡಿ ಸರ್ವಜ್ಞ ಪೀಠಕ್ಕೆ ನಡೆದೇ ಹೋಗಬೇಕು. ಹತ್ತುವಾಗ ಮಕ್ಕಳೇ ಮುಂದೆ. ಇಳಿಯುವಾಗ ಮಂಜು ಕವಿದು ಜೋರು ಮಳೆ ಹಿಡಿಯಿತು. ಮಗ ಕಾಲು ನೋವು ಅಂತ ಕೂತುಬಿಟ್ಟ. ಕಾಲುಚೀಲ ಬಿಚ್ಚಿದರೆ ಮೂರು ಉಂಬಳ, ಅಂದರೆ ಜಿಗಣೆ! ರಕ್ತ ನೋಡಿ ಚೀರಿದ. ಕಿತ್ತು ಹಾಕಲು ಹೋದೆ, ಕೈ ನಡುಗುತ್ತಿತ್ತು.

"ಎಳೀಬೇಡಿ ಅಕ್ಕಾ" ಅಂತ ಹಿಂದಿನಿಂದ ದನಿ ಕೇಳಿತು. ಬೇರೆಯವರನ್ನು ಕರೆತಂದಿದ್ದ ಜೀಪಿನ ಡ್ರೈವರ್. ಎಲೆ ಅಡಿಕೆ ಚೀಲದಿಂದ ಸುಣ್ಣ ತೆಗೆದು ಒಂದೊಂದಕ್ಕೂ ಮುಟ್ಟಿಸಿದರು. ಉಂಬಳಗಳು ಉದುರಿದವು. ರಕ್ತ ಮಾತ್ರ ನಿಲ್ಲಲಿಲ್ಲ. ಉಂಬಳದ ಜೊಲ್ಲು ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ, ಅಲ್ವಾ? ಅವರು ಜೇಬಿನಿಂದ ಪೇಪರ್ ಚೂರು ಹರಿದು ಗಾಯಕ್ಕೆ ಅಂಟಿಸಿ, ಬೆರಳಿನಿಂದ ಒತ್ತಿ ಹಿಡಿದು ಕೂತರು. "ಇದು ವಿಷ ಅಲ್ಲ ಪುಟ್ಟಾ, ನಂಗೂ ದಿನಾ ಕಚ್ಚುತ್ತೆ" ಅಂತ ತಮ್ಮ ಕಾಲಿನ ಕಲೆಗಳನ್ನು ತೋರಿಸಿದರು. ಅಳು ನಿಂತಿತು. ನನಗೂ ಆಗಲೇ ಉಸಿರು ಬಂದಿದ್ದು.

ಆಮೇಲೆ ತಮ್ಮ ಟವೆಲನ್ನು ಅವನ ತಲೆಗೆ ಸುತ್ತಿ, ಹೆಗಲ ಮೇಲೆ ಕೂರಿಸಿಕೊಂಡು ಇಳಿದರು. ಜಾರುವ ಕಡೆಯೆಲ್ಲ ನಿಂತು ಮಗಳಿಗೆ ಕೈ ಕೊಟ್ಟರು. ದುಡ್ಡು ಕೊಡಲು ಹೋದರೆ "ಮಗೀಗೆ ಬಿಸಿ ಹಾಲು ಕೊಡ್ಸಿ" ಅಂದು ಹೊರಟೇಬಿಟ್ಟರು. ಗಾಬರಿಯಲ್ಲಿ ಹೆಸರೂ ಕೇಳಲಿಲ್ಲ.

ಅಣ್ಣಾ, ನಿಮ್ಮ ಟವೆಲ್ ನಮ್ಮಲ್ಲೇ ಉಳಿದಿದೆ. ಒಗೆದು ಮಡಚಿಟ್ಟಿದ್ದೇನೆ.