ಬಿ.ಎಡ್. ಸೇರುವ ಮುನ್ನ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಬಿ.ಎಡ್. ಮಾಡಿದರೆ ಮೇಷ್ಟರ ಕೆಲಸ ಗ್ಯಾರಂಟಿ ಅನ್ನುವ ನಂಬಿಕೆ ನಮ್ಮ ಕಡೆ ಇನ್ನೂ ಹೋಗಿಲ್ಲ. 2015ರಿಂದ ಈ ಕೋರ್ಸ್ ಎರಡು ವರ್ಷದ್ದಾಗಿದೆ. ಫೀಸಿನ ಜೊತೆಗೆ ಇನ್ನೊಂದು ವರ್ಷದ ದುಡಿಮೆಯೂ ಹೋಯಿತು, ಅಲ್ವಾ?

ನನ್ನ ಮಗಳು ಖಾಸಗಿ ಕಾಲೇಜೊಂದರಲ್ಲಿ ಓದುತ್ತಿದ್ದಾಳೆ. ರಸೀದಿ ಸಿಗುವ ಫೀಸೇ ಬೇರೆ, ಸಿಗದ ಖರ್ಚೇ ಬೇರೆ. ಪಾಠ ಯೋಜನೆಯ ರೆಕಾರ್ಡ್ ಪುಸ್ತಕಗಳು, ಚಾರ್ಟು, ಥರ್ಮೋಕೋಲ್ ಮಾದರಿ, ಸಮವಸ್ತ್ರದ ಸೀರೆ ಎಂದು ತಿಂಗಳು ತಿಂಗಳೂ ಏನಾದರೊಂದು ಇದ್ದೇ ಇರುತ್ತದೆ. ಇಂಟರ್ನ್‌ಶಿಪ್‌ಗೆ ಹೋಗಿಬರಲು ಶಕ್ತಿ ಯೋಜನೆಯ ಬಸ್ಸಿದೆ, ಪುಣ್ಯ.

ಮುಗಿದ ಮೇಲೇನು? 1ರಿಂದ 5ನೇ ತರಗತಿಗೆ ಪಾಠ ಮಾಡಲು ಬಿ.ಎಡ್. ಅರ್ಹತೆಯಲ್ಲ ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 6ರಿಂದ 8ಕ್ಕೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಬೇಕು. ಆಮೇಲೆ ನೇಮಕಾತಿ ಪರೀಕ್ಷೆ. ಅದಕ್ಕೂ ಅಧಿಸೂಚನೆ ಬರಬೇಕಲ್ಲ! ಅಲ್ಲಿಯತನಕ ಅತಿಥಿ ಶಿಕ್ಷಕರ ಕೆಲಸವೇ ಗತಿ. 2025ರ ಬಜೆಟ್‌ನಲ್ಲಿ 2,000 ರೂಪಾಯಿ ಜಾಸ್ತಿ ಮಾಡಿದರೂ ಗೌರವಧನ ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸು. ಬೇಸಿಗೆ ರಜೆಯಲ್ಲಿ ಅದೂ ಇಲ್ಲ.

ಓದಬೇಡಿ ಎನ್ನುತ್ತಿಲ್ಲ. ಸರ್ಕಾರಿ ಸೀಟು ಸಿಕ್ಕವರು ಧೈರ್ಯವಾಗಿ ಸೇರಲಿ. ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟು ಹಿಡಿಯುವವರು ಮಾತ್ರ ಎರಡು ಸಲ ಯೋಚಿಸಲಿ. ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ, ಎಷ್ಟು ಸಂಬಳ ಎಂಬುದನ್ನು ಕಾಲೇಜುಗಳು ಪ್ರವೇಶದ ಸಮಯದಲ್ಲೇ ನೋಟಿಸ್ ಬೋರ್ಡಿಗೆ ಹಾಕುವಂತೆ ಶಿಕ್ಷಣ ಇಲಾಖೆ ಆದೇಶ ಮಾಡಲಿ.

– ಒಬ್ಬ ಪೋಷಕ, ಹಾವೇರಿ